ಅಮೆರಿಕದ ಟ್ರಕ್ ಲಾಗ್‌ಬುಕ್: ಕಾಗದ ಹೋಯಿತು, ಡಾಕ್‌ನಲ್ಲಿ ಕಾಯುವುದು ಹೋಗಲಿಲ್ಲ

ಅಮೆರಿಕದ ಹೆದ್ದಾರಿಯಲ್ಲಿ ತಪಾಸಣಾಧಿಕಾರಿ ಟ್ರಕ್ ನಿಲ್ಲಿಸಿದರೆ ಲೈಸೆನ್ಸಿನ ಜೊತೆಗೆ ಲಾಗ್ ಕೂಡ ಕೇಳುತ್ತಾನೆ. ಇವತ್ತಿನದು ಮತ್ತು ಹಿಂದಿನ 7 ದಿನಗಳದ್ದು. ಚಾಲಕ ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ಮಲಗಿದ ಎಂಬ ಲೆಕ್ಕ ಅದರಲ್ಲಿರಬೇಕು. ಏಳೆಂಟು ದಶಕ ಈ ಲೆಕ್ಕ ಕಾಗದದ ಮೇಲೆ, ಚಾಲಕನ ಕೈಬರಹದಲ್ಲೇ ಇತ್ತು. 2017ರ ಡಿಸೆಂಬರ್ 18ರಿಂದ ಬಹುಪಾಲು ದೂರಸಾಗಣೆ ಟ್ರಕ್ಕುಗಳಲ್ಲಿ ಅದನ್ನು ಯಂತ್ರವೇ ಬರೆಯಬೇಕಾಯಿತು. ಯಂತ್ರದ ಹೆಸರು ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್, ಚುಟುಕಾಗಿ ಇಎಲ್‌ಡಿ. ಚಾಲಕರಲ್ಲಿ ಹಲವರು ಇದನ್ನು ವಿರೋಧಿಸಿದರು. ಜಗಳ ಯಂತ್ರದ ಮೇಲೆ ನಡೆದಂತೆ ಕಂಡರೂ ಅದರ ಬೇರು ಚಾಲಕನ ಕೂಲಿಯಲ್ಲಿದೆ.

1935ರ ಮೋಟಾರ್ ಕ್ಯಾರಿಯರ್ ಕಾಯ್ದೆ ಟ್ರಕ್ ಚಾಲಕರ ಕೆಲಸದ ಗಂಟೆಗಳನ್ನು ನಿಗದಿ ಮಾಡುವ ಅಧಿಕಾರವನ್ನು ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್‌ಗೆ ಕೊಟ್ಟಿತು. ಆ ದಶಕ ಮುಗಿಯುವಷ್ಟರಲ್ಲಿ ದಿನಕ್ಕೆ 10 ಗಂಟೆ ಚಾಲನೆ, 7 ದಿನಕ್ಕೆ 60 ಗಂಟೆ ಅಥವಾ 8 ದಿನಕ್ಕೆ 70 ಗಂಟೆ ಕೆಲಸ ಎಂಬ ಮಿತಿ ಬಂತು. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಅದರ ಮುಂದೆ ಅಮೆರಿಕದ ಮಿತಿ ಬಹಳ ಸಡಿಲ. 1938ರಲ್ಲಿ ಅಲ್ಲಿನ ಬಹಳಷ್ಟು ಕಾರ್ಮಿಕರಿಗೆ ಓವರ್‌ಟೈಮ್ ಕೊಡಿಸಿದ ಕಾಯ್ದೆ ಟ್ರಕ್ ಚಾಲಕರನ್ನು ಹೊರಗಿಟ್ಟಿತು. ಅವರ ಗಂಟೆಗಳನ್ನು ಕಮಿಷನ್ ನೋಡಿಕೊಳ್ಳುತ್ತದೆ ಎಂಬುದು ಕೊಟ್ಟ ಕಾರಣ. ಆ ವಿನಾಯಿತಿ ಇನ್ನೂ ಜಾರಿಯಲ್ಲಿದೆ. ದೂರಸಾಗಣೆ ಚಾಲಕರಲ್ಲಿ ಹೆಚ್ಚಿನವರಿಗೆ ಸಂಬಳ ಮೈಲಿ ಲೆಕ್ಕದಲ್ಲಿ ಸಿಗುತ್ತದೆ. ಚಕ್ರ ಉರುಳದಿದ್ದರೆ ಕಾಸಿಲ್ಲ.

ಕಾಗದದ ಲಾಗ್ ಎಂದರೆ ದಿನಕ್ಕೊಂದು ಹಾಳೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ 24 ಮನೆ, ಒಂದೊಂದು ಮನೆಯಲ್ಲಿ 15 ನಿಮಿಷದ ನಾಲ್ಕು ಭಾಗ. ಅಡ್ಡಕ್ಕೆ ನಾಲ್ಕು ಸಾಲು: ರಜೆ, ಸ್ಲೀಪರ್ ಬರ್ತ್‌ನಲ್ಲಿ ನಿದ್ದೆ, ಚಾಲನೆ, ಚಾಲನೆಯಲ್ಲದ ಕೆಲಸ. ಸ್ಕೇಲ್ ಇಟ್ಟು ಗೆರೆ ಎಳೆದು, ಕೆಲಸ ಬದಲಾದಾಗ ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಇಳಿಸಿ, ಕೆಳಗಿನ ಷರಾ ಜಾಗದಲ್ಲಿ ಊರು ಮತ್ತು ರಾಜ್ಯದ ಹೆಸರು ಬರೆಯಬೇಕು. ಬಲಬದಿಯಲ್ಲಿ ನಾಲ್ಕೂ ಸಾಲಿನ ಮೊತ್ತ ಕೂಡಿದರೆ 24 ಬರಬೇಕು. ಹಾಳೆಯನ್ನು 13 ದಿನದೊಳಗೆ ಕಂಪನಿಗೆ ಕೊಡಬೇಕು, ಕಂಪನಿ 6 ತಿಂಗಳು ಇಟ್ಟುಕೊಳ್ಳಬೇಕು.

ಚಾಲಕರೇ ಇದಕ್ಕೆ ‘ಕಾಮಿಕ್ ಬುಕ್’ ಎಂದು ಹೆಸರಿಟ್ಟಿದ್ದರು. ಎರಡು ಪುಸ್ತಕ ಇಟ್ಟುಕೊಂಡವರಿದ್ದರು. ಮೂರು ದಿನದ ಹಾಳೆಯನ್ನು ತಪಾಸಣಾ ಕೇಂದ್ರ ಹತ್ತಿರ ಬಂದಾಗ ಒಟ್ಟಿಗೆ ತುಂಬಿದವರಿದ್ದರು. ಅಧಿಕಾರಿಗಳು ಡೀಸೆಲ್ ರಸೀದಿ, ಟೋಲ್ ಚೀಟಿ, ಬಿಲ್ಟಿಯ ಮೇಲಿನ ಸಮಯಗಳನ್ನು ಲಾಗ್‌ನೊಂದಿಗೆ ತಾಳೆ ನೋಡುತ್ತಿದ್ದರು. ಎರಡು ಊರಿನ ನಡುವಿನ ಮೈಲಿಯನ್ನು ಬರೆದ ಗಂಟೆಯಿಂದ ಭಾಗಿಸಿದಾಗ ಟ್ರಕ್ಕಿಗೆ ಸಾಧ್ಯವೇ ಇಲ್ಲದ ವೇಗ ಬಂದರೆ ಲಾಗ್ ಸುಳ್ಳೆಂದು ತಿಳಿಯುತ್ತಿತ್ತು. ಆದರೆ ಆ ಸುಳ್ಳುಗಳಲ್ಲಿ ದೊಡ್ಡ ಪಾಲು ದುರಾಸೆಯದ್ದಲ್ಲ. ಗೋದಾಮಿನ ಮುಂದೆ ಕಾದು ಕಳೆದುಕೊಂಡ ಗಂಟೆಗಳನ್ನು ಪೆನ್ಸಿಲ್ ಹಿಡಿದು ವಾಪಸ್ ಪಡೆಯುವ ಪ್ರಯತ್ನ ಅದು.

2004ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಈ ನೋವನ್ನು ಹೆಚ್ಚಿಸಿತು. ಮೊದಲು ಕೆಲಸದ ಮಿತಿ 15 ಗಂಟೆ ಇತ್ತು, ನಡುವೆ ವಿಶ್ರಾಂತಿ ತೆಗೆದುಕೊಂಡರೆ ಆ ಗಡಿಯಾರ ನಿಲ್ಲುತ್ತಿತ್ತು. ಹೊಸ ನಿಯಮದಲ್ಲಿ 10 ಗಂಟೆ ವಿರಾಮದ ನಂತರ 11 ಗಂಟೆ ಓಡಿಸಬಹುದು. ಆದರೆ ಕೆಲಸ ಶುರುವಾದ ಗಳಿಗೆಯಿಂದ 14 ಗಂಟೆ ದಾಟಿದ ಮೇಲೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಆ 14 ಗಂಟೆ ನಡುವೆ ನಿಲ್ಲುವುದಿಲ್ಲ.

ಒಂದು ದಿನದ ಲೆಕ್ಕ ಹಾಕಿ. ಬೆಳಿಗ್ಗೆ 6ಕ್ಕೆ ಕೆಲಸ ಶುರು, ಅರ್ಧ ಗಂಟೆ ಟೈರು, ಬ್ರೇಕು, ದೀಪ ನೋಡುವುದು. 7ಕ್ಕೆ ಗೋದಾಮು. ಡಾಕ್, ಅಂದರೆ ಸರಕು ಹತ್ತಿಸಿ ಇಳಿಸುವ ಕಟ್ಟೆ, ಖಾಲಿ ಇಲ್ಲ. ಸರಕು ತುಂಬಿ ಹೊರಡುವಾಗ 11 ಗಂಟೆ. 14 ಗಂಟೆ ಮುಗಿಯುವುದು ರಾತ್ರಿ 8ಕ್ಕೆ. ಹೊರಟ ಮೇಲೆ 8 ಗಂಟೆ ಓಡಿಸಿ ಅರ್ಧ ಗಂಟೆ ಕಡ್ಡಾಯ ವಿರಾಮ ತೆಗೆದುಕೊಂಡರೆ ಇಡೀ ದಿನಕ್ಕೆ ಸಿಗುವ ಚಾಲನೆ 9 ಗಂಟೆ. ಹೋದದ್ದು 2 ಗಂಟೆ. ಗಂಟೆಗೆ 60 ಮೈಲಿಯಂತೆ 120 ಮೈಲಿ, ಅಷ್ಟು ಮೈಲಿಯ ಕೂಲಿ. ಕಾಗದವಿದ್ದಾಗ ಚಾಲಕ ಆ ಕಾಯುವಿಕೆಯನ್ನು ‘ನಿದ್ದೆ’ ಸಾಲಿನಲ್ಲಿ ಎಳೆದು, ದಿನವನ್ನೇ ತಡವಾಗಿ ಶುರು ಮಾಡಿದಂತೆ ತೋರಿಸುತ್ತಿದ್ದ. ಆ ಮಟ್ಟಿಗೆ ಕಾಗದ ಗೋದಾಮಿನವರ ತಪ್ಪನ್ನೂ ಮುಚ್ಚಿಹಾಕುತ್ತಿತ್ತು.

ಯಂತ್ರದ ಯೋಚನೆ ಹೊಸದಲ್ಲ. ಬಯಸಿದವರು ಯಂತ್ರ ಬಳಸಬಹುದೆಂದು 1988ರಲ್ಲೇ ನಿಯಮ ಬಂದಿತ್ತು. 1998ರಲ್ಲಿ ನೆಬ್ರಾಸ್ಕಾದ ವರ್ನರ್ ಎಂಟರ್‌ಪ್ರೈಸಸ್ ಕಂಪನಿಗೆ ಉಪಗ್ರಹ ಆಧಾರಿತ ಲಾಗ್ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಗಂಟೆ ನಿಯಮವನ್ನು ಗಂಭೀರವಾಗಿ ಮುರಿದು ಸಿಕ್ಕಿಬಿದ್ದ ಕಂಪನಿಗಳಿಗೆ ಯಂತ್ರ ಕಡ್ಡಾಯವೆಂದು 2010ರಲ್ಲಿ ಎಫ್‌ಎಂಸಿಎಸ್‌ಎ, ಅಂದರೆ ಟ್ರಕ್ ಸುರಕ್ಷತೆಯ ಕೇಂದ್ರ ಸಂಸ್ಥೆ, ನಿಯಮ ಮಾಡಿತು. ಸ್ವಂತ ಟ್ರಕ್ ಇರುವ ಚಾಲಕರ ಸಂಘ ಒಒಐಡಿಎ ನ್ಯಾಯಾಲಯಕ್ಕೆ ಹೋಯಿತು. ಕಂಪನಿಗಳು ಯಂತ್ರ ತೋರಿಸಿ ಚಾಲಕರಿಗೆ ಕಿರುಕುಳ ಕೊಡುವುದನ್ನು ತಡೆಯುವ ಕೆಲಸ ಆಗಿಲ್ಲವೆಂದು ಶಿಕಾಗೋದ ಮೇಲ್ಮನವಿ ನ್ಯಾಯಾಲಯ 2011ರ ಆಗಸ್ಟಿನಲ್ಲಿ ಆ ನಿಯಮ ರದ್ದು ಮಾಡಿತು. ಮರುವರ್ಷ ಸಂಸತ್ತೇ ಎಂಎಪಿ-21 ಎಂಬ ಸಾರಿಗೆ ಕಾಯ್ದೆಯಲ್ಲಿ ಯಂತ್ರ ಕಡ್ಡಾಯ ಮಾಡಿತು. 2015ರ ಡಿಸೆಂಬರಿನಲ್ಲಿ ಅಂತಿಮ ನಿಯಮ ಬಂತು. ಈ ಬಾರಿ ಸಂಘದ ದಾವೆ ಗೆಲ್ಲಲಿಲ್ಲ, ಸುಪ್ರೀಂ ಕೋರ್ಟ್ 2017ರಲ್ಲಿ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಆದರೂ ಹಿಂದಿನ ಗೆಲುವಿನ ಫಲ ಉಳಿದಿದೆ: ಚಾಲಕ ಮಲಗಿದಾಗ ಯಂತ್ರದ ಸದ್ದು ಅಡಗಬೇಕು, ಕಂಪನಿ ಮಾಡುವ ತಿದ್ದುಪಡಿಗೆ ಚಾಲಕನ ಒಪ್ಪಿಗೆ ಬೇಕು.

ಅದೇ ಎಂಎಪಿ-21ರಲ್ಲಿ ಜೇಸನ್ಸ್ ಲಾ ಎಂಬ ಭಾಗವೂ ಇದೆ. 2009ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ನಿಗದಿತ ಹೊತ್ತಿಗಿಂತ ಮೊದಲೇ ತಲುಪಿ, ಒಳಗೆ ಬಿಡದ್ದರಿಂದ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಟ್ರಕ್ ನಿಲ್ಲಿಸಿದ್ದ ಜೇಸನ್ ಎಂಬ ಚಾಲಕನನ್ನು ದರೋಡೆಕೋರ ಕೊಂದ. ಆ ಚಾಲಕನ ಹೆಸರಿನ ಈ ಕಾನೂನು ಟ್ರಕ್ ನಿಲುಗಡೆ ಜಾಗಗಳಿಗೆ ಕೇಂದ್ರದ ಹಣ ಬಳಸಲು ದಾರಿ ಮಾಡಿತು. ಯಂತ್ರ ‘ಸಮಯ ಮುಗಿಯಿತು, ನಿಲ್ಲು’ ಎಂದಾಗ ನಿಲ್ಲಲು ಜಾಗ ಬೇಕಲ್ಲ. ಯಂತ್ರಗಳು ಹೇಳಿದ ದಿನಕ್ಕೆ ಬಂದವು. ಜಾಗದ ಕೊರತೆ ಇಂದಿಗೂ ನೀಗಿಲ್ಲ.

ಇಎಲ್‌ಡಿ ಕೆಲಸ ಮಾಡುವ ರೀತಿ ಸರಳ. ಡ್ಯಾಶ್‌ಬೋರ್ಡ್ ಕೆಳಗಿನ 9 ಪಿನ್ನಿನ ಪೋರ್ಟಿಗೆ ಪುಟ್ಟ ಪೆಟ್ಟಿಗೆಯೊಂದನ್ನು ಸಿಕ್ಕಿಸುತ್ತಾರೆ. ಅದು ಎಂಜಿನ್ನಿನ ಕಂಪ್ಯೂಟರಿನಿಂದ ವೇಗ, ಮೈಲಿ, ಎಂಜಿನ್ ಗಂಟೆ ಓದಿ ಬ್ಲೂಟೂತ್ ಮೂಲಕ ಟ್ಯಾಬ್ಲೆಟ್ಟಿಗೆ ಕಳಿಸುತ್ತದೆ. ಹೊಸ ಟ್ರಕ್ಕುಗಳ ಪೋರ್ಟ್ ಹಸಿರು, ಹಳೆಯವು ಕಪ್ಪು. ಹಸಿರು ಕೇಬಲ್ ಎರಡಕ್ಕೂ ಹೊಂದುತ್ತದೆ, ಕಪ್ಪು ಕೇಬಲ್ ಹಸಿರು ಪೋರ್ಟಿಗೆ ಹೊಂದುವುದಿಲ್ಲ. ವೇಗ ಗಂಟೆಗೆ 5 ಮೈಲಿ ಮುಟ್ಟುವಷ್ಟರಲ್ಲಿ ಯಂತ್ರ ತಾನೇ ‘ಚಾಲನೆ’ ಎಂದು ಬರೆಯಬೇಕು. ನಿಂತು 5 ನಿಮಿಷವಾದರೆ ಚಾಲಕನನ್ನು ಕೇಳುತ್ತದೆ. ಒಂದು ನಿಮಿಷ ಉತ್ತರ ಬಾರದಿದ್ದರೆ ‘ಚಾಲನೆಯಲ್ಲದ ಕೆಲಸ’ಕ್ಕೆ ಬದಲಿಸುತ್ತದೆ. ಓಡುತ್ತಿರುವಾಗ ಗಂಟೆಗೊಮ್ಮೆ ಜಾಗ ದಾಖಲಿಸುತ್ತದೆ. ತಾನಾಗಿ ದಾಖಲಾದ ಚಾಲನೆಯ ನಿಮಿಷವನ್ನು ಯಾರೂ ಕಡಿಮೆ ಮಾಡುವಂತಿಲ್ಲ.

ಕೆಡುವುದು ಸಾಮಾನ್ಯವಾಗಿ ಸಣ್ಣ ವಿಷಯಕ್ಕೆ. ಪೋರ್ಟಿನ ಪ್ಲಗ್ ಕುಲುಕಾಟಕ್ಕೆ ಸಡಿಲವಾಗುತ್ತದೆ, ಬ್ಲೂಟೂತ್ ಕಡಿದುಹೋಗುತ್ತದೆ. 24 ಗಂಟೆಯಲ್ಲಿ ಒಟ್ಟು 30 ನಿಮಿಷಕ್ಕಿಂತ ಹೆಚ್ಚು ಎಂಜಿನ್ ಸಂಪರ್ಕ ತಪ್ಪಿದರೆ ಪರದೆಯ ಮೇಲೆ ಇ ಎಂಬ ದೋಷಸಂಕೇತ ಬರುತ್ತದೆ. ಮೆಕ್ಯಾನಿಕ್ ಲಾಗಿನ್ ಆಗದೆ ಟ್ರಕ್ ತಿರುಗಿಸಿದರೆ ಆ ಓಟ ವಾರಸುದಾರನಿಲ್ಲದ ಚಾಲನೆಯಾಗಿ ಕೂರುತ್ತದೆ. ಮುಂದೆ ಲಾಗಿನ್ ಆದ ಚಾಲಕ ಅದನ್ನು ನೋಡದೆ ಒಪ್ಪಿಕೊಂಡರೆ ಆ ನಿಮಿಷಗಳು ಅವನ ತಲೆಗೆ. ಗೋದಾಮಿನ ಅಂಗಳದೊಳಗೆ ಟ್ರಕ್ ಸರಿಸುವ ಮುಂಚೆ ‘ಯಾರ್ಡ್ ಮೂವ್’ ಒತ್ತಲು ಮರೆತರೂ ಇದೇ ಗತಿ, ಸರಿದಷ್ಟೂ ಚಾಲನೆಯ ಲೆಕ್ಕಕ್ಕೆ ಹೋಗುತ್ತದೆ.

ಫಲಿತಾಂಶ ಏನಾಯಿತು? ಗಂಟೆ ಮಿತಿ ಮೀರುವುದು ಕಡಿಮೆಯಾಯಿತು, ಸಣ್ಣ ಕಂಪನಿಗಳಲ್ಲಂತೂ ಎದ್ದು ಕಾಣುವಷ್ಟು. ಆದರೆ 2019ರಲ್ಲಿ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರು ತಪಾಸಣೆಯ ದಾಖಲೆ ನೋಡಿದಾಗ ಅಪಘಾತ ಇಳಿದದ್ದು ಕಾಣಲಿಲ್ಲ. ಸಣ್ಣ ಕಂಪನಿಗಳ ಚಾಲಕರಲ್ಲಿ ಅತಿವೇಗದಂಥ ಅಪಾಯದ ಚಾಲನೆ ಹೆಚ್ಚಿತ್ತು. ಡಾಕ್‌ನಲ್ಲಿ ಹೋದ ಗಂಟೆಯನ್ನು ಈಗ ಪೆನ್ಸಿಲ್ಲಿನಿಂದ ತುಂಬುವಂತಿಲ್ಲ, ಆಕ್ಸಿಲರೇಟರಿನಿಂದ ತುಂಬುತ್ತಾರೆ. ಲಾಗ್ ನಿಜವಾಯಿತು ಎಂಬುದು ಒಳ್ಳೆಯದೇ. ಕಾಯಿಸಿದವನು ಕಾಯಿಸಿದ್ದಕ್ಕೆ ಹಣ ಕೊಡಬೇಕೆಂಬ ಕೇಂದ್ರ ನಿಯಮವೂ ಅದರ ಜೊತೆಗೇ ಬರಬೇಕಿತ್ತು.

ಕಾಗದವಂತೂ ಪೂರ್ತಿ ಹೋಗಿಲ್ಲ. 30 ದಿನದಲ್ಲಿ 8 ದಿನ ಮೀರದಂತೆ ಮಾತ್ರ ಲಾಗ್ ಬೇಕಾಗುವವರು, 2000ಕ್ಕಿಂತ ಹಳೆಯ ಎಂಜಿನ್ ಇರುವವರು ಇಂದಿಗೂ ಅದರಲ್ಲೇ ಬರೆಯಬಹುದು. ಇಎಲ್‌ಡಿ ಇರುವ ಪ್ರತಿ ಕ್ಯಾಬಿನ್ನಿನಲ್ಲೂ ಕನಿಷ್ಠ 8 ದಿನಕ್ಕಾಗುವಷ್ಟು ಖಾಲಿ ಹಾಳೆ ಇರಲೇಬೇಕು. ಯಂತ್ರ ಕೆಟ್ಟರೆ 24 ಗಂಟೆಯೊಳಗೆ ಕಂಪನಿಗೆ ಬರೆದು ತಿಳಿಸಿ, ಇವತ್ತಿನ ಹಾಗೂ ಯಂತ್ರದಿಂದ ತೆಗೆಯಲಾಗದ ಹಿಂದಿನ 7 ದಿನದ ಲಾಗನ್ನು ಕೈಯಲ್ಲಿ ಬರೆಯಬೇಕು. ಕಂಪನಿಗೆ ರಿಪೇರಿ ಮಾಡಿಸಲು 8 ದಿನ. ತಯಾರಕರು ತಮ್ಮ ಯಂತ್ರ ಸರಿಯಿದೆಯೆಂದು ತಾವೇ ಪ್ರಮಾಣ ಕೊಟ್ಟು ಪಟ್ಟಿಗೆ ಸೇರುವ ಪದ್ಧತಿಯಲ್ಲಿ ಕಳಪೆ ಯಂತ್ರಗಳೂ ಸೇರಿಕೊಂಡವು. ಅಂಥದ್ದನ್ನು ಸಂಸ್ಥೆ ಪಟ್ಟಿಯಿಂದ ತೆಗೆದಾಗ ಬೇರೆ ಯಂತ್ರ ಹಾಕಿಸಲು ಸಾಮಾನ್ಯವಾಗಿ 60 ದಿನ ಕೊಡುತ್ತದೆ. ಅಲ್ಲಿಯವರೆಗೆ ಚಾಲಕ ಮತ್ತೆ ಸ್ಕೇಲು, ಪೆನ್ನು ಹಿಡಿದು 24 ಮನೆಯ ಹಾಳೆಯಲ್ಲಿ ಗೆರೆ ಎಳೆಯುತ್ತಾನೆ.