ಮೇಜಿನ ಮೇಲೆ ಉಳಿದ ಚೀಟಿ: ‘ಫೂರಿಯಾ’ದಂಥ ಥ್ರಿಲ್ಲರ್‌ಗಳ ಹಿಂದಿನ ಕಥೆ

ನಾರ್ವೆಯ ‘ಫೂರಿಯಾ’ 2021ರಲ್ಲಿ ಬಂದ ಎಂಟು ಕಂತುಗಳ ಥ್ರಿಲ್ಲರ್. ನೀರು, ಬೆಟ್ಟಗಳ ನಡುವಿನ ಒಂದು ಸಣ್ಣ ಊರಲ್ಲಿ ಶುರುವಾಗಿ ಬರ್ಲಿನ್‌ವರೆಗೆ ಹೋಗುತ್ತದೆ. ವಲಸಿಗರನ್ನು ಕಂಡರೆ ಉರಿದುಬೀಳುವ ಉಗ್ರರ ಗುಂಪೊಂದಿದೆ. ಬೇರೆ ಹೆಸರಿಟ್ಟುಕೊಂಡು ಅದರೊಳಗೆ ಸೇರಿಕೊಂಡ ಗುಪ್ತಚರ ಇಲಾಖೆಯ ಹೆಂಗಸೊಬ್ಬಳಿದ್ದಾಳೆ. ಹಳೆಯ ಬದುಕನ್ನು ಮುಚ್ಚಿಟ್ಟು ಮಗಳ ಜೊತೆ ಅದೇ ಊರಿಗೆ ಬಂದ ಪೊಲೀಸ್ ಒಬ್ಬನಿದ್ದಾನೆ. ನೋಡಿ ಮುಗಿಸಿದಾಗ ಒಂದು ಪ್ರಶ್ನೆ ಏಳುತ್ತದೆ: ಇಷ್ಟು ನೆಮ್ಮದಿಯ ದೇಶಗಳಲ್ಲಿ ಇದೆಲ್ಲಾ ಎಲ್ಲಿಂದ ಬಂತು?

ಒಂದೇ ಸಾಲಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಚುನಾವಣೆ, ವಲಸೆ, ಇಂಟರ್ನೆಟ್, ಪೊಲೀಸರ ಎಡವಟ್ಟು, ಟಿವಿಯವರ ಹಿಂಜರಿಕೆ, ಎಲ್ಲವೂ ಗೋಜಲಾಗಿ ಸೇರಿಕೊಂಡಿವೆ. ಸ್ವಲ್ಪ ಹಿಂದಿನಿಂದ ಬಿಡಿಸೋಣ.

ನಾಜಿಗಳ ಜೊತೆ ಕೈಜೋಡಿಸಿದ ತನ್ನದೇ ರಾಜಕಾರಣಿ ಕ್ವಿಸ್ಲಿಂಗ್‌ನನ್ನು 1945ರ ಅಕ್ಟೋಬರ್‌ನಲ್ಲಿ ಗುಂಡಿಟ್ಟು ಕೊಂದಾಗ, ಆ ಅಧ್ಯಾಯ ಮುಗಿಯಿತು ಎಂದು ನಾರ್ವೆ ಅಂದುಕೊಂಡಿತು. ಮುಂದಿನ ನಾಲ್ಕೈದು ದಶಕ ಉಗ್ರ ಬಲಪಂಥ ಅಂದರೆ ತಲೆ ಬೋಳಿಸಿಕೊಂಡು ಬೂಟು ಹಾಕಿಕೊಂಡ ಒಂದಷ್ಟು ಪುಂಡ ಹುಡುಗರು ಅಷ್ಟೇ, ಅದಕ್ಕೆ ಪೊಲೀಸರಿದ್ದಾರೆ ಎಂಬ ಭಾವನೆ ಇತ್ತು.

ಮೊದಲು ಬೆಚ್ಚಿದ್ದು ಸ್ವೀಡನ್. 1991–92ರಲ್ಲಿ ಒಬ್ಬ ವ್ಯಕ್ತಿ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾದಲ್ಲಿ ವಲಸಿಗರಂತೆ ಕಂಡ 11 ಜನರ ಮೇಲೆ ಗುಂಡು ಹಾರಿಸಿದ. ಒಬ್ಬರು ಸತ್ತರು. ಮೊದಮೊದಲು ಅವನು ಲೇಸರ್ ಹಾಕಿದ ಬಂದೂಕು ಬಳಸಿದ್ದರಿಂದ ಪತ್ರಿಕೆಗಳು ಅವನನ್ನು ‘ಲೇಸರ್ ಮನುಷ್ಯ’ ಎಂದು ಕರೆದವು. 1995ರಲ್ಲಿ ಸ್ಟೀಗ್ ಲಾರ್ಸನ್ ಮತ್ತು ಗೆಳೆಯರು ‘ಎಕ್ಸ್‌ಪೋ’ ಎಂಬ ಪತ್ರಿಕೆ ಶುರು ಮಾಡಿದರು. ಈ ಗುಂಪುಗಳ ದುಡ್ಡು, ಸಂಬಂಧ, ಬರಹಗಳನ್ನು ಒಂದೊಂದಾಗಿ ದಾಖಲಿಸುವುದೇ ಅದರ ಕೆಲಸ. ಲಾರ್ಸನ್ ಇಂದು ಜಗತ್ತಿಗೆ ಗೊತ್ತಿರುವುದು ಪತ್ತೇದಾರಿ ಕಾದಂಬರಿಗಳಿಂದ. ಆದರೆ ಅವರು ಆಯುಷ್ಯ ಸವೆಸಿದ್ದು ಈ ಕೆಲಸಕ್ಕೆ. 2001ರ ಜನವರಿಯಲ್ಲಿ ಓಸ್ಲೊದ ಹೋಲ್ಮ್‌ಲಿಯಾ ಬಡಾವಣೆಯಲ್ಲಿ 15 ವರ್ಷದ ಹುಡುಗನನ್ನು ನವನಾಜಿಗಳು ಇರಿದು ಕೊಂದರು. ಅವನ ಅಪ್ಪ ಘಾನಾದವರು, ಅಮ್ಮ ನಾರ್ವೆಯವರು. ಸುಮಾರು 40,000 ಜನ ಪಂಜು ಹಿಡಿದು ಬೀದಿಗಿಳಿದರು. ಆಮೇಲೆ ಎಲ್ಲರೂ ಮನೆಗೆ ಹೋದರು.

ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಎಲ್ಲರ ಕಣ್ಣು ಬೇರೆ ಕಡೆ ತಿರುಗಿತು. ಭಯೋತ್ಪಾದನೆ ಅಂದರೆ ಹೊರಗಿನಿಂದ ಬರುವುದು, ಗಡ್ಡ ಬಿಟ್ಟಿರುವುದು ಎಂಬ ಚಿತ್ರ ಮನಸ್ಸಿನಲ್ಲಿ ಗಟ್ಟಿಯಾಯಿತು. 2011ರ ಆರಂಭದಲ್ಲಿ ನಾರ್ವೆಯ ಭದ್ರತಾ ಪೊಲೀಸರು ಆ ವರ್ಷದ ಅಪಾಯಗಳ ಅಂದಾಜು ಪ್ರಕಟಿಸಿದರು. ಉಗ್ರ ಬಲಪಂಥೀಯರಿಂದ ಈ ವರ್ಷ ಗಂಭೀರ ಅಪಾಯವಿಲ್ಲ ಎಂದು ಅದರಲ್ಲಿತ್ತು.

ಆರು ತಿಂಗಳೂ ಕಳೆದಿರಲಿಲ್ಲ ಅನ್ನಬಹುದು. ಜುಲೈ 22, ಶುಕ್ರವಾರ, ಮಧ್ಯಾಹ್ನ 3:25. ಓಸ್ಲೊದಲ್ಲಿ ಪ್ರಧಾನಿ ಕಚೇರಿ ಇರುವ ಕಟ್ಟಡದ ಮುಂದೆ ನಿಲ್ಲಿಸಿದ್ದ ಬಿಳಿ ವ್ಯಾನ್ ಸ್ಫೋಟಿಸಿತು. 8 ಜನ ಸತ್ತರು. ಆ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಬೇಕು ಎಂಬ ಸಲಹೆ 2004ರಲ್ಲೇ ಬಂದಿತ್ತು. ಏಳು ವರ್ಷ ಫೈಲು ಟೇಬಲ್‌ನಿಂದ ಟೇಬಲ್‌ಗೆ ಓಡಾಡಿತು. ರಸ್ತೆ ಮಾತ್ರ ತೆರೆದೇ ಇತ್ತು.

ಸ್ಫೋಟಕ್ಕೆ ಸ್ವಲ್ಪ ಮುಂಚೆ ಆ ದಾರಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬರ ಕಣ್ಣಿಗೆ ಒಂದು ವಿಚಿತ್ರ ಬಿದ್ದಿತ್ತು. ಪೊಲೀಸ್ ಸಮವಸ್ತ್ರದಂಥ ಬಟ್ಟೆ ತೊಟ್ಟ, ಕೈಯಲ್ಲಿ ಪಿಸ್ತೂಲು ಹಿಡಿದ ಮನುಷ್ಯ ಸಾದಾ ಬೂದು ಬಣ್ಣದ ಗಾಡಿ ಹತ್ತಿ, ಒನ್‌ವೇಯಲ್ಲಿ ಎದುರಿಗೆ ಓಡಿಸಿಕೊಂಡು ಹೋದ. ಅವರು ಗಾಡಿ ನಂಬರ್ ನೆನಪಿಟ್ಟುಕೊಂಡು, ಸ್ಫೋಟವಾಗಿ ಹತ್ತು ನಿಮಿಷದಲ್ಲಿ ಪೊಲೀಸರಿಗೆ ಫೋನ್ ಮಾಡಿದರು. ಅತ್ತ ಕಡೆ ಫೋನ್ ಎತ್ತಿದವರು ಅದನ್ನು ಹಳದಿ ಚೀಟಿಯಲ್ಲಿ ಬರೆದು, ಕಂಟ್ರೋಲ್ ರೂಮಿನ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟರು. ಎಲ್ಲ ಫೋನ್‌ಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಹೊತ್ತು ಅದು. ಚೀಟಿ ಸುಮಾರು 20 ನಿಮಿಷ ಹಾಗೇ ಬಿದ್ದಿತ್ತು. ದೇಶದ ಎಲ್ಲ ಠಾಣೆಗಳಿಗೆ ಎಚ್ಚರಿಕೆ ಹೋಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಅಷ್ಟು ಹೊತ್ತಿಗೆ ಆ ಬೂದು ಗಾಡಿ ಊರು ದಾಟಿ ಟೀರಿಫ್ಯೋರ್ಡ್ ಸರೋವರದ ಕಡೆ ಹೋಗಿತ್ತು. ಅಲ್ಲಿನ ಉಟೋಯಾ ದ್ವೀಪದಲ್ಲಿ ಲೇಬರ್ ಪಕ್ಷದ ಯುವ ಘಟಕದ ಬೇಸಿಗೆ ಶಿಬಿರ ನಡೆಯುತ್ತಿತ್ತು. ‘ನಾನು ಪೊಲೀಸ್, ಭದ್ರತೆ ನೋಡಲು ಬಂದಿದ್ದೇನೆ’ ಎಂದವನನ್ನು ಶಿಬಿರದವರ ದೋಣಿಯೇ ದ್ವೀಪಕ್ಕೆ ಕರೆದೊಯ್ದಿತು. 69 ಜನ ಸತ್ತರು. ತೀರಾ ಚಿಕ್ಕವರಿಗೆ 14 ವರ್ಷ. ಪೊಲೀಸರ ರಬ್ಬರ್ ದೋಣಿ ಭಾರ ತಾಳದೆ ನೀರು ತುಂಬಿಕೊಂಡಿತು. ಎದುರು ದಡದಲ್ಲಿ ಟೆಂಟ್ ಹಾಕಿಕೊಂಡು ರಜೆ ಕಳೆಯುತ್ತಿದ್ದ ಸಾಮಾನ್ಯ ಜನ ತಮ್ಮ ಸಣ್ಣ ದೋಣಿಗಳಲ್ಲಿ ಹೋಗಿ, ತಣ್ಣೀರಿನಲ್ಲಿ ಈಜುತ್ತಿದ್ದ ಮಕ್ಕಳನ್ನು ಎತ್ತಿಕೊಂಡು ಬಂದರು. ಇತ್ತ ಓಸ್ಲೊದಲ್ಲಿ ಆ ಮೊದಲ ಕೆಲವು ಗಂಟೆ ಮುಸ್ಲಿಮರನ್ನು ಬೀದಿಯಲ್ಲಿ ಬೈದರು, ಅಟ್ಟಿಸಿಕೊಂಡು ಹೋದರು. ಟಿವಿಯಲ್ಲಿ ಪಂಡಿತರು ಅಲ್ ಖೈದಾ ಹೆಸರು ಹೇಳುತ್ತಿದ್ದರು. ಸಿಕ್ಕಿದವನು ಓಸ್ಲೊದ ಪಶ್ಚಿಮ ಭಾಗದಲ್ಲಿ ಬೆಳೆದ 32 ವರ್ಷದ ನಾರ್ವೆಯವನು. ಅವನ ಹೆಸರು ಬರೆಯುವುದಿಲ್ಲ. ಅವನಿಗೆ ಬೇಕಾಗಿದ್ದೇ ಅದು.

ಅವನು ಇಂಟರ್ನೆಟ್‌ನಲ್ಲಿ ಹರಿಯಬಿಟ್ಟ 1,500ಕ್ಕೂ ಹೆಚ್ಚು ಪುಟಗಳ ಬರಹದಲ್ಲಿ ನಮ್ಮ ದೇಶದ ಹೆಸರೂ ಇದೆ. ತನ್ನ ಕಲ್ಪನೆಯ ಸೇನೆಗೆ ಒಂದು ಬಿಲ್ಲೆ ಬೇಕೆಂದು ಅವನು ಬನಾರಸ್‌ನ ಒಂದು ಅಂಗಡಿಗೆ ಇಂಟರ್ನೆಟ್ ಮೂಲಕ ಹೇಳಿದ್ದ. ನಮೂನೆ ಮಾಡಿಕೊಟ್ಟವರು ಒಬ್ಬ ಮುಸ್ಲಿಂ ಕುಶಲಕರ್ಮಿ. ಯಾರಿಗೆ, ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಕೋಣೆಯಲ್ಲಿ ಒಬ್ಬನೇ ಕೂತವನ ಜಗತ್ತು ಎಷ್ಟು ದೂರ ಚಾಚಿತ್ತು ನೋಡಿ.

ನನಗೆ ಮುಖ್ಯ ಅನಿಸುವುದು ಆಮೇಲಿನ ವರ್ಷಗಳು. ಮೊದಲ ಮನೋವೈದ್ಯರ ತಂಡ ಅವನಿಗೆ ಹುಚ್ಚು ಎಂದಿತು. ಎರಡನೇ ತಂಡ ಇಲ್ಲ ಎಂದಿತು. 2012ರ ಆಗಸ್ಟ್ 24ರಂದು ನ್ಯಾಯಾಲಯ ಅವನ ಬುದ್ಧಿ ನೆಟ್ಟಗಿತ್ತು ಎಂದು ತೀರ್ಮಾನಿಸಿ, ಬೇಕಾದರೆ ಮುಂದುವರಿಸಬಹುದಾದ 21 ವರ್ಷಗಳ ಬಂಧನ ವಿಧಿಸಿತು. ಅದೇ ತಿಂಗಳು ಬಂದ ತನಿಖಾ ಆಯೋಗದ ವರದಿ ರಸ್ತೆ, ಚೀಟಿ, ದೋಣಿ ಎಲ್ಲವನ್ನೂ ಬಿಚ್ಚಿಟ್ಟಿತು. ಸ್ಫೋಟವನ್ನು ತಡೆಯಬಹುದಿತ್ತು ಎಂದಿತು. ಆದರೆ ಆ ದ್ವೇಷ ಎಲ್ಲಿ ಬೆಳೆಯಿತು ಎಂಬ ಪ್ರಶ್ನೆ ಹಿಂದೆ ಸರಿಯಿತು. ಬದುಕಿ ಬಂದ ಹುಡುಗ ಹುಡುಗಿಯರು ಅದನ್ನು ಎತ್ತಿದಾಗಲೆಲ್ಲ ‘ಜುಲೈ 22ರ ಕಾರ್ಡ್ ಆಡಬೇಡಿ’, ಅಂದರೆ ಆ ದುರಂತವನ್ನು ರಾಜಕೀಯಕ್ಕೆ ಬಳಸಬೇಡಿ, ಎಂಬ ಮಾತು ಕೇಳಬೇಕಾಯಿತು. ಮೈಯಲ್ಲಿ ಗುಂಡಿನ ಚೂರು ಇಟ್ಟುಕೊಂಡವರಿಗೆ ಹೇಳುವ ಮಾತಾ ಅದು?

ಟಿವಿ ಈ ವಿಷಯದ ಹತ್ತಿರ ಬಂದಿದ್ದು ನಿಧಾನವಾಗಿ. 2014ರ ನವೆಂಬರ್ ಕೊನೆಯಲ್ಲಿ ಸ್ವೀಡನ್‌ನ ಸರ್ಕಾರಿ ವಾಹಿನಿ ‘ಬ್ಲೋ ಓಗೊನ್’ ಪ್ರಸಾರ ಮಾಡಿತು, ಅಂದರೆ ನೀಲಿ ಕಣ್ಣು. ಎರಡು ತಿಂಗಳ ಹಿಂದಷ್ಟೇ ವಲಸೆ ವಿರೋಧಿ ಪಕ್ಷವೊಂದು ಸುಮಾರು 13% ಮತ ಪಡೆದಿತ್ತು. ಕಥೆಯಲ್ಲೂ ಅಂಥ ಒಂದು ಕಾಲ್ಪನಿಕ ಪಕ್ಷ, ಅದರ ಆಚೆಗೆ ಬಂದೂಕು ಹಿಡಿದ ಒಂದು ಗುಂಪು. ಅಮ್ಮನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಆ ಗುಂಪಿನ ಕಡೆ ಸರಿಯುತ್ತಾಳೆ. ದುಃಖ ಹೇಗೆ ಸಿಟ್ಟಾಗುತ್ತದೆ, ಆ ಸಿಟ್ಟಿಗೆ ಯಾರು ಬಂದು ದಾರಿ ತೋರಿಸುತ್ತಾರೆ ಎಂಬುದನ್ನು ಈ ಸರಣಿ ಹತ್ತಿರದಿಂದ ನೋಡಿತು.

ನಾರ್ವೆಯ ಸರ್ಕಾರಿ ವಾಹಿನಿ ‘22. ಯೂಲಿ’, ಅಂದರೆ ಜುಲೈ 22, ತೋರಿಸಿದ್ದು 2020ರ ಜನವರಿಯಲ್ಲಿ. ಎಂಟೂವರೆ ವರ್ಷ ಬೇಕಾಯಿತು. ಆರು ಕಂತು. ಕೊಲೆಗಾರನನ್ನು ಕಥೆಯ ನಡುವೆ ನಿಲ್ಲಿಸಲಿಲ್ಲ. ಒಬ್ಬ ಆಸ್ಪತ್ರೆ ವೈದ್ಯೆ, ಒಬ್ಬ ಪೊಲೀಸ್, ಒಬ್ಬ ವರದಿಗಾರ್ತಿ, ಒಬ್ಬ ಶಿಕ್ಷಕಿ, ವಲಸಿಗರ ವಿರುದ್ಧ ಬರೆಯುವ ಒಬ್ಬ ಬ್ಲಾಗರ್. ಇವರ ದಿನಗಳ ಮೂಲಕವೇ ಎಲ್ಲವೂ ಕಾಣುತ್ತದೆ. ನಾನು ನೋಡಿದ್ದರಲ್ಲಿ ಇದೇ ಹೆಚ್ಚು ಪ್ರಾಮಾಣಿಕ.

‘ಫೂರಿಯಾ’ದ ದಾರಿ ಬೇರೆ. ಅದು ಥ್ರಿಲ್ಲರ್. ಥ್ರಿಲ್ಲರ್‌ಗೆ ಜಾಲ ಬೇಕು, ಸಂಚು ಬೇಕು, ಚುನಾವಣೆಗೆ ಮುನ್ನ ಮುಗಿಯಬೇಕಾದ ಗಡುವು ಬೇಕು. ಬರ್ಲಿನ್‌ಗೆ ಹೋಗಿದ್ದು ಸುಮ್ನೆ ಅಲ್ಲ. ಜರ್ಮನಿಯಲ್ಲಿ 2000ದಿಂದ 2007ರವರೆಗೆ ಒಂದು ನವನಾಜಿ ತಂಡ 10 ಜನರನ್ನು ಕೊಂದಿತ್ತು. ಅವರಲ್ಲಿ ಒಂಬತ್ತು ಮಂದಿ ವಲಸೆ ಮೂಲದವರು. ತಂಡ ಬಯಲಾಗಿದ್ದು 2011ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ತನಿಖೆಯವರು ಸತ್ತವರ ಮನೆಯವರನ್ನೇ ಅನುಮಾನಿಸಿದ್ದರು. ಹಾಗಾಗಿ ಜಾಲ ಅನ್ನುವುದು ಬರೀ ಕಥೆಯಲ್ಲ. ಆದರೆ ಸಂಚು ದೊಡ್ಡದಾದಷ್ಟೂ ನೋಡುವವರಿಗೆ ಒಂದು ಸಮಾಧಾನ ಸಿಗುತ್ತದೆ ಅಲ್ವಾ? ಸೂತ್ರಧಾರ ಸಿಕ್ಕಿದರೆ ಮುಗಿಯಿತು ಎಂಬ ಸಮಾಧಾನ.

2019ರ ಆಗಸ್ಟ್ 10ರಂದು ಓಸ್ಲೊ ಪಕ್ಕದ ಬೇರುಮ್‌ನ ಮಸೀದಿಯಲ್ಲಿ ಅಂಥ ಸೂತ್ರಧಾರ ಯಾರೂ ಇರಲಿಲ್ಲ. ಮರುದಿನ ಬಕ್ರೀದ್. ಒಳಗಿದ್ದವರು ಮೂವರು. ತನ್ನ ಮನೆಯಲ್ಲಿ ಮಲತಂಗಿಯನ್ನು ಕೊಂದು ಬಂದ 21 ವರ್ಷದ ಹುಡುಗ ಬಂದೂಕು ಹಿಡಿದು ನುಗ್ಗಿದ. ಅದೇ ವರ್ಷ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಅವನಿಗೆ ಆದರ್ಶ. ಆ ಕೊಲೆಗಾರ ತನ್ನ ಬರಹದಲ್ಲಿ ಉಟೋಯಾದವನನ್ನು ಹೊಗಳಿದ್ದ. ಪಾಕಿಸ್ತಾನದ ವಾಯುಪಡೆಯಿಂದ ನಿವೃತ್ತರಾದ 65 ವರ್ಷದ ಒಬ್ಬರು ಹುಡುಗನ ಮೇಲೆ ಹಾರಿ, ನೆಲಕ್ಕೆ ಅದುಮಿ ಹಿಡಿದರು. ಮಸೀದಿಯಲ್ಲಿ ಯಾರೂ ಸಾಯಲಿಲ್ಲ.

ಆ ಹುಡುಗನ ಬಗ್ಗೆ ಒಂದು ವರ್ಷ ಮೊದಲೇ ಪೊಲೀಸರಿಗೆ ಸುಳಿವು ಬಂದಿತ್ತು. ಅದರಲ್ಲಿ ಕ್ರಮ ತೆಗೆದುಕೊಳ್ಳುವಂಥದ್ದು ಏನೂ ಕಾಣಲಿಲ್ಲ ಎಂದು ಇಲಾಖೆ ಆಮೇಲೆ ಹೇಳಿತು.