ಟೋಕನ್ ಲೆಕ್ಕ ಆಮೇಲೆ, ಮೊದಲು ಖಾತೆ ಯಾರದೆಂದು ನೋಡಿ

ಸಲಹೆಗೆಂದು ಬರುವ ಬರಹಗಾರರು, ವಿಡಿಯೊ ಮಾಡುವವರು ಬ್ಲಾಕ್‌ಚೈನ್ ಜಾಲತಾಣಗಳ ಮಾತೆತ್ತಿದ ಕೂಡಲೇ ಕೇಳುವುದು ಒಂದೇ: ‘ಎಷ್ಟು ದುಡ್ಡು ಬರುತ್ತೆ?’ ನಾನು ತಿರುಗಿ ಕೇಳುತ್ತೇನೆ: ಈಗಿರುವ ಜಾಲತಾಣ ನಾಳೆ ನಿಮ್ಮ ಖಾತೆ ಮುಚ್ಚಿದರೆ ನಿಮ್ಮ ಓದುಗರು ಎಲ್ಲಿ ಸಿಗುತ್ತಾರೆ? ಉತ್ತರ ಬರುವುದು ಕಮ್ಮಿ.

ಬ್ಲಾಕ್‌ಚೈನ್ ಜಾಲತಾಣಗಳ ನಿಜವಾದ ಆಕರ್ಷಣೆ ಇರುವುದು ಇಲ್ಲೇ. ನಿಮ್ಮ ಖಾತೆ ಒಂದೇ ಕಂಪನಿಯ ಹಿಡಿತದಲ್ಲಿರದೆ, ‘ಬ್ಲಾಕ್‌ಚೈನ್’ ಎಂಬ, ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ದಾಖಲೆಯಲ್ಲಿರುತ್ತದೆ. ಒಂದು ಆ್ಯಪ್ ಹಿಡಿಸದಿದ್ದರೆ ಅದೇ ಖಾತೆ, ಅದೇ ಫಾಲೋವರ್‌ಗಳೊಂದಿಗೆ ಇನ್ನೊಂದು ಆ್ಯಪ್‌ಗೆ ಹೋಗಬಹುದು. ಲೆನ್ಸ್, ಫಾರ್‌ಕಾಸ್ಟರ್ ಎಂಬ ಜಾಲತಾಣಗಳು ಹೊರಟದ್ದು ಇದೇ ಜಾಡಿನಲ್ಲಿ.

ಜನ ಮುಗಿಬಿದ್ದದ್ದು ಮಾತ್ರ ದುಡ್ಡಿಗೆ. 2016ರಲ್ಲಿ ಶುರುವಾದ ಸ್ಟೀಮಿಟ್‌ನಲ್ಲಿ ಪೋಸ್ಟ್ ಹಾಕಿದರೆ, ಅದಕ್ಕೆ ವೋಟು ಬಿದ್ದರೆ, ಏಳು ದಿನದ ನಂತರ ಟೋಕನ್, ಅಂದರೆ ಮಾರಿ ದುಡ್ಡು ಮಾಡಿಕೊಳ್ಳಬಹುದಾದ ಡಿಜಿಟಲ್ ನಾಣ್ಯ, ಕೈಸೇರುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ವೋಟಿನ ತೂಕ ನಿಂತಿದ್ದದ್ದು ವೋಟು ಹಾಕಿದವರು ಎಷ್ಟು ಟೋಕನ್ ಲಾಕ್ ಮಾಡಿಟ್ಟಿದ್ದಾರೆ ಎಂಬುದರ ಮೇಲೆ. ಟೋಕನ್ ಇಲ್ಲದ ನೂರು ಓದುಗರು ಮನಸಾರೆ ಮೆಚ್ಚಿದರೂ ಚಿಲ್ಲರೆ ಕಾಸು. ರಾಶಿ ಟೋಕನ್ ಇಟ್ಟುಕೊಂಡ ಒಬ್ಬ ‘ತಿಮಿಂಗಿಲ’ ಬಟನ್ ಒತ್ತಿದರೆ ಮೊತ್ತ ದಿಢೀರ್ ಮೇಲೆ. ಪೋಸ್ಟಿನ ಕೆಳಗೆ ಕಾಣುವ ಡಾಲರ್ ಸಂಖ್ಯೆಯೂ ಬರೀ ಅಂದಾಜು. ಏಳನೇ ದಿನ ಮುಗಿಯುವ ಮುಂಚೆ ಅದೇ ತಿಮಿಂಗಿಲ ಡೌನ್‌ವೋಟ್ (ವಿರೋಧದ ವೋಟು) ಹಾಕಿದರೆ ಅದು ಸೊನ್ನೆಗೂ ಇಳಿಯಬಹುದು. ಇದನ್ನು ಕಂಡವರು ಬೇಗ ದಾರಿ ಹುಡುಕಿದರು: ಕಾಸು ಪಡೆದು ತಾವಾಗಿಯೇ ವೋಟು ಹಾಕುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು, ಹುಟ್ಟಿದವು. ಚೆನ್ನಾಗಿ ಬರೆಯುವುದಕ್ಕಿಂತ ವೋಟು ಕೊಳ್ಳುವುದೇ ಗಿಟ್ಟುವ ಕಸುಬಾಯಿತು. ಇದಕ್ಕೆ ನಾನು ಜನರ ದುರಾಸೆಯನ್ನು ದೂರುವುದಿಲ್ಲ, ವ್ಯವಸ್ಥೆಯ ಲೆಕ್ಕವೇ ಹಾಗಿತ್ತು.

ಬಂದ ಟೋಕನ್ ಎಲ್ಲವೂ ತಕ್ಷಣ ಕೈಗೆ ಸಿಗುತ್ತಿರಲಿಲ್ಲ. ಒಂದು ಪಾಲು ಲಾಕ್ ಆಗುತ್ತಿತ್ತು, ಅದನ್ನು ಬಿಡಿಸಿಕೊಳ್ಳಲು 13 ವಾರ. ಅಷ್ಟರಲ್ಲಿ ಬೆಲೆ ಎಲ್ಲಿರುತ್ತದೋ ದೇವರೇ ಬಲ್ಲ. 2018ರ ಜನವರಿಯಲ್ಲಿ ಏಳು ಡಾಲರ್ ದಾಟಿದ್ದ ಅಲ್ಲಿನ ಟೋಕನ್ ‘ಸ್ಟೀಮ್’ ಆ ವರ್ಷದ ಕೊನೆಗೆ ಒಂದು ಡಾಲರಿಗಿಂತ ಎಷ್ಟೋ ಕೆಳಗಿತ್ತು. ಸ್ಟೀಮಿಟ್ ಕಂಪನಿ ನವೆಂಬರಿನಲ್ಲೇ ಸುಮಾರು ಶೇ 70ರಷ್ಟು ಸಿಬ್ಬಂದಿಯನ್ನು ಕೈಬಿಟ್ಟಿತ್ತು.

ಮುಂದಿನದು ಇನ್ನೂ ಸ್ವಾರಸ್ಯ. 2020ರ ಫೆಬ್ರುವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಸ್ಥಾಪಕ ಜಸ್ಟಿನ್ ಸನ್ ಆ ಕಂಪನಿಯನ್ನು ಕೊಂಡರು. ಕಂಪನಿಯ ಬಳಿಯಿದ್ದ ಟೋಕನ್‌ಗಳನ್ನು ಸಮುದಾಯ ತಡೆಹಿಡಿಯಿತು. ಮಾರ್ಚ್ ಮೊದಲ ವಾರ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ಟೋಕನ್‌ಗಳನ್ನೇ ಲಾಕ್ ಮಾಡಿ ಸನ್ ಪರ ವೋಟು ಹಾಕಿದವು. ಇಂಥ ವೋಟಿನಿಂದಲೇ ಆಯ್ಕೆಯಾಗಿ ಬ್ಲಾಕ್‌ಚೈನ್ ನಡೆಸುತ್ತಿದ್ದ ‘ವಿಟ್ನೆಸ್’ಗಳ ಕುರ್ಚಿ ಹೋಯಿತು. ಟೋಕನ್ ಇದ್ದವನದೇ ರಾಜ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಮಾರ್ಚ್ 20ಕ್ಕೆ ಅದೇ ಸಮುದಾಯ ಖಾತೆ, ಫಾಲೋವರ್, ಹಳೆಯ ಪೋಸ್ಟ್‌ಗಳ ಪೂರ್ತಿ ನಕಲಿನೊಂದಿಗೆ ‘ಹೈವ್’ ಎಂಬ ಹೊಸ ಬ್ಲಾಕ್‌ಚೈನ್ ಶುರುಮಾಡಿತು. ಬೇರೆ ಯಾವ ದೊಡ್ಡ ಜಾಲತಾಣದ ಬಳಕೆದಾರರಿಗೆ ಈ ಅವಕಾಶವಿದೆ, ಹೇಳಿ. (ಕಂಪನಿಯ ಟೋಕನ್‌ಗಳು ಮಾತ್ರ ಹೊಸ ಮನೆಗೆ ಬರಲಿಲ್ಲ. ಸನ್ ಪರ ನಿಂತಿದ್ದರೆಂದು ಕೆಲವು ಬಳಕೆದಾರರಿಗೂ ಹೊಸ ಟೋಕನ್ ಕೊಡಲಿಲ್ಲ. ವಿಕೇಂದ್ರೀಕರಣ ಅಂದಮಾತ್ರಕ್ಕೆ ರಾಜಕೀಯ ಬಿಟ್ಟುಹೋಗುವುದಿಲ್ಲ.)

2023ರ ಫ್ರೆಂಡ್.ಟೆಕ್ ಕಥೆ ಚಿಕ್ಕದು. ಕ್ರಿಯೇಟರ್ ಹೆಸರಿನ, ಅವರ ಚಾಟ್‌ಗೆ ಪ್ರವೇಶ ಕೊಡುವ ‘ಕೀ’ಗಳನ್ನು ಜನ ಕೊಳ್ಳುವಾಗ, ಮಾರುವಾಗ ಪ್ರತಿ ಸಲ ಶೇ 5 ಕ್ರಿಯೇಟರಿಗೆ. ಕೊಂಡು ಮಾರುವವರು ಬೇಸತ್ತ ಕೂಡಲೇ ಆದಾಯವೂ ಬತ್ತಿತು.

ಇನ್ನು ಅಳಿಸುವ ವಿಚಾರ. ಹೈವ್‌ನಲ್ಲಿ ಪೋಸ್ಟ್ ತಿದ್ದಿದರೆ ಓದುಗರಿಗೆ ಕಾಣುವುದು ಹೊಸ ರೂಪ, ಹಳೆಯದು ಬ್ಲಾಕ್‌ಗಳಲ್ಲಿ ಹಾಗೇ ಕೂತಿರುತ್ತದೆ. ಮಗುವಿನ ಹೆಸರು, ಮನೆ ವಿಳಾಸ, ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲು, ಯಾವುದೂ ವಾಪಸ್ ಬರುವುದಿಲ್ಲ.

ಇಷ್ಟಾದರೂ ಹೋಗಲೇಬೇಡಿ ಎನ್ನುವವನು ನಾನಲ್ಲ. ಖಾತೆಗಾಗಿ ಹೋಗಿ, ಟೋಕನ್ ಬಂದರೆ ಬರಲಿ. ಅದನ್ನು ನಂಬಿ ಈಗಿರುವ ಕೆಲಸ ಬಿಡಬೇಡಿ. ಮೂಲ ಬರಹ ನಿಮ್ಮ ಸ್ವಂತ ವೆಬ್‌ಸೈಟಿನಲ್ಲಿರಲಿ. ಹೈವ್‌ನಲ್ಲಿ ಪಾಸ್‌ವರ್ಡ್‌ನಂತೆ ಬಳಸುವ ಕೀಗಳು ಹಲವು. ದಿನನಿತ್ಯಕ್ಕೆ ಪೋಸ್ಟಿಂಗ್ ಕೀ ಸಾಕು, ಅದನ್ನು ಯಾರಾದರೂ ಕದ್ದರೂ ಟೋಕನ್ ಸಾಗಿಸಲು ಬರುವುದಿಲ್ಲ. ಇಡೀ ಖಾತೆಯ ಒಡೆತನ ಇರುವ ಓನರ್ ಕೀಯನ್ನು ಕಾಗದದ ಮೇಲೆ ಬರೆದು ಎರಡು ಬೇರೆ ಬೇರೆ ಕಡೆ ಇಡಿ. ಅದು ಕಳೆದರೆ ‘ಪಾಸ್‌ವರ್ಡ್ ಮರೆತಿರಾ?’ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ.