ಬಕೆಟ್‌ಗೆ ‘ಟ್’ ಇದೆ, ಬೊಕೆಗೆ ಯಾಕಿಲ್ಲ?

ಇಂಗ್ಲಿಷಿಗೆ ತಲೆಬುಡ ಇಲ್ಲ ಅನ್ನುವ ವಾಟ್ಸಾಪ್ ಫಾರ್ವರ್ಡು ನಿಮಗೂ ಬಂದಿರುತ್ತದೆ. ‘ಚೇರ್’ನಲ್ಲಿ ಸಿಎಚ್ ಅಂದ್ರೆ ಚ, ‘ಶೆಫ್’ನಲ್ಲಿ ಶ, ‘ಕೆಮಿಸ್ಟ್ರಿ’ಯಲ್ಲಿ ಕ. ನಮ್ಮ ಕನ್ನಡವೇ ಚೆಂದ ಅಂತ ಕೊನೆಗೊಂದು ಕೈಮುಗಿದ ಚಿತ್ರ. ಕನ್ನಡ ಚೆಂದವೇ, ತಕರಾರಿಲ್ಲ. ಆದರೆ ಸುಮ್ನೆ ನಗುವ ಮೊದಲು ಒಂದು ಮಾತು. ಕೆಮಿಸ್ಟ್ರಿ ಗ್ರೀಕ್ ಕಡೆಯದು, ಅದನ್ನು ಬಿಡಿ. ಚೇರ್, ಶೆಫ್ ಎರಡೂ ಫ್ರೆಂಚಿನವು. ಬಂದ ಕಾಲ ಮಾತ್ರ ಬೇರೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕಾಳಗ ಗೆದ್ದು ಇಂಗ್ಲೆಂಡಿನ ರಾಜನಾದ. ಅರಮನೆ, ಕೋರ್ಟು, ಜಮೀನು ಎಲ್ಲ ಫ್ರೆಂಚ್ ಮಾತಾಡುವವರ ಕೈಗೆ ಹೋಯಿತು. ಕೋರ್ಟಿನಲ್ಲಿ ಇನ್ನು ಇಂಗ್ಲಿಷಿನಲ್ಲೇ ವಾದ ನಡೆಯಲಿ ಅಂತ 1362ರಲ್ಲಿ ಒಂದು ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದೂ ಫ್ರೆಂಚಿನಲ್ಲೇ!

ಆಗಿನ ಫ್ರೆಂಚರು ಸಿಎಚ್ ಅನ್ನು ‘ಚ’ ಅಂತಲೇ ಹೇಳುತ್ತಿದ್ದರು. ಚೇರ್, ಚೇಂಬರ್, ಚಾನ್ಸ್, ಚೇಂಜ್ ಆ ಕಾಲದವು. 13ನೇ ಶತಮಾನದ ಹೊತ್ತಿಗೆ ಫ್ರಾನ್ಸಿನಲ್ಲಿ ಈ ‘ಚ’ ಸವೆದು ‘ಶ’ ಆಯಿತು. ಹೇಗೆ ಅಂತ ನೀವೇ ಹೇಳಿ ನೋಡಿ. ‘ಚ’ ಅನ್ನುವಾಗ ನಾಲಿಗೆ ಮೊದಲು ಅಂಗುಳಕ್ಕೆ ಒತ್ತಿ ಉಸಿರನ್ನು ಪೂರ್ತಿ ತಡೆಯುತ್ತದೆ. ಆಮೇಲೆ ಚೂರು ಸರಿದು, ಸಂದಿಯಲ್ಲಿ ಉಸಿರು ಉಜ್ಜಿಕೊಂಡು ಹೋಗಲು ಬಿಡುತ್ತದೆ. ಮೊದಲಿನ ತಡೆ ತಪ್ಪಿಹೋದರೆ ಉಳಿಯುವುದು ಬರೀ ಉಜ್ಜಾಟ, ಅಂದರೆ ‘ಶ’. ಮಷೀನ್, ಶಾಂಪೇನ್, ಬ್ರೋಷರ್ ಎಲ್ಲ ಇದಾದ ಮೇಲೆ ಬಂದವು.

ಎರವಲು ತಂದ ಪದ ಹಳೇ ಫೋಟೊ ಇದ್ದ ಹಾಗೆ. ತೆಗೆಸಿಕೊಂಡವರು ಮುದುಕರಾದರೂ ಫೋಟೊದಲ್ಲಿ ಮೀಸೆ ಕಪ್ಪೇ. ನನಗೆ ಜಾಸ್ತಿ ಇಷ್ಟವಾದದ್ದು ಒಬ್ಬರದೇ ಎರಡು ಫೋಟೊ ಸಿಗುವ ಜಾಗ. ಚೀಫ್, ಶೆಫ್ ಎರಡೂ ಒಂದೇ ಫ್ರೆಂಚ್ ಪದ, ಮೂಲ ‘ತಲೆ’ ಅನ್ನುವ ಲ್ಯಾಟಿನ್. ಮೊದಲನೆಯದು ಮಧ್ಯಯುಗದ್ದು. ಎರಡನೆಯದು 19ನೇ ಶತಮಾನದಲ್ಲಿ ಅಡುಗೆಮನೆಯ ಯಜಮಾನನ ಜೊತೆ ಬಂತು. ಹಾಗಾಗಿ ‘ಚೀಫ್ ಶೆಫ್’ ಅನ್ನುವವರು ಮುಖ್ಯಸ್ಥರ ಮುಖ್ಯಸ್ಥರು.

ಈಗ ಬಕೆಟ್‌ಗೆ ಬನ್ನಿ. ಬಕೆಟ್, ಪಾಕೆಟ್, ಜಾಕೆಟ್, ಮಾರ್ಕೆಟ್ ಹಳೇ ಪದಗಳು, ಕೊನೆಯ ‘ಟ್’ ಗಟ್ಟಿಯಾಗಿ ಕೇಳುತ್ತದೆ. ಆಮೇಲೆ ಫ್ರೆಂಚರು ಪದದ ಕೊನೆಯ ವ್ಯಂಜನಗಳನ್ನು ನುಂಗುತ್ತಾ ಹೋದರು. 18ನೇ ಶತಮಾನದಲ್ಲಿ ಬಂದ ಬೊಕೆ, ಬಫೆ, ಡಿಪೋಗಳಲ್ಲಿ ‘ಟ್’ ಬರವಣಿಗೆಯಲ್ಲಷ್ಟೇ ಇದೆ. ಬಸ್ ಡಿಪೋ ಅನ್ನುವ ನಮ್ಮ ಕಂಡಕ್ಟರ್ ಬಾಯಲ್ಲೂ ಆ ನುಂಗಿದ ‘ಟ್’ ಇಲ್ಲ, ಅಲ್ವಾ?

ಕಾಲ ಮಾತ್ರ ಅಲ್ಲ, ಊರೂ ಗೊತ್ತಾಗುತ್ತದೆ. ಪ್ಯಾರಿಸ್ ಕಡೆಯವರು ‘ಗ’ ಅನ್ನುತ್ತಿದ್ದ ಎಷ್ಟೋ ಕಡೆ ನಾರ್ಮಂಡಿಯವರು ‘ವ’ ಅನ್ನುತ್ತಿದ್ದರು. ಹಾಸ್ಟೆಲ್ಲಿನ ವಾರ್ಡನ್, ಸ್ಕೂಲ್ ಅರ್ಜಿಯ ಗಾರ್ಡಿಯನ್ ಹೀಗೆ ಆದ ಅಣ್ಣತಮ್ಮಂದಿರು. ‘ವಾರಂಟಿ ಮಾತ್ರ ಸಾರ್, ಗ್ಯಾರಂಟಿ ಇಲ್ಲ’ ಅಂತ ಮಿಕ್ಸಿ ಅಂಗಡಿಯವನು ಹೇಳುತ್ತಾನಲ್ಲ, ಅವೂ ಒಂದೇ ಬೇರಿನವು.

ನಮ್ಮಲ್ಲೂ ಇಂಥದ್ದಿದೆ, ಆದರೆ ಉಲ್ಟಾ. ಹಳಗನ್ನಡದ ಪಾಲ್, ಪುಲಿ ಮುಂದೆ ಹಾಲು, ಹುಲಿ ಆದವು. ಸಂಸ್ಕೃತದ ಪರ್ವ, ಪಕ್ಷಿಗಳಿಂದ ಹುಟ್ಟಿದ ಪಬ್ಬ, ಪಕ್ಕಿ ಅಷ್ಟರಲ್ಲಿ ಮನೆಮಾತಾಗಿದ್ದವು. ಅವೂ ಜೊತೆಗೇ ಹಬ್ಬ, ಹಕ್ಕಿ ಆದವು. ಓದುಬರಹದವರು ಬಳಸುವ ಪರ್ವ, ಪಕ್ಷಿ ಹಾಗೇ ಉಳಿದವು. ಫ್ರೆಂಚ್ ಕಥೆಯಲ್ಲಿ ಬದಲಾದದ್ದು ಕೊಟ್ಟವರ ಬಾಯಿ, ಇಲ್ಲಿ ತಗೊಂಡವರ ಬಾಯಿ.

ಲೆಕ್ಕ ತಪ್ಪುವ ಕಡೆಗಳೂ ಉಂಟು. ವೀರರ ನಡತೆಗೆ ಹೇಳುವ ‘ಶಿವಲ್ರಿ’ ಮಧ್ಯಯುಗದ್ದೇ, ‘ಚಿ’ ಅನ್ನಬೇಕಿತ್ತು. ಆಮೇಲಿನ ಫ್ರೆಂಚ್ ನೋಡಿ ‘ಶಿ’ ಮಾಡಿಕೊಂಡರು. 17ನೇ ಶತಮಾನದ ಕೆಡೆಟ್ ‘ಟ್’ ಬಿಟ್ಟಿಲ್ಲ, ಎನ್‌ಸಿಸಿ ಹುಡುಗರನ್ನು ಕೇಳಿ. ಮಾಲ್ ಮುಂದೆ ಕಾರು ಕೊಡುವಾಗ ‘ವ್ಯಾಲೆ ಪಾರ್ಕಿಂಗಾ, ವ್ಯಾಲೆಟ್ಟಾ’ ಅಂತ ತಡವರಿಸಬೇಡಿ. ಇಂಗ್ಲಿಷರೇ ಎರಡೂ ಅನ್ನುತ್ತಾರೆ, ಎರಡೂ ನಿಘಂಟಿನಲ್ಲಿವೆ.